ಸೋಲಾರ್ ಪಾರ್ಕ್ ನಮ್ಮ ಹೊಲದಲ್ಲೇ ಇದೆ. ಎನರ್ಜಿ ಇಂಜಿನಿಯರಿಂಗ್ ತಗೊಳ್ಳಲಾ, ಎಲೆಕ್ಟ್ರಿಕಲ್ ತಗೊಳ್ಳಲಾ?

ಬಿಸಿಲೂರು · ಶನಿವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಾನು ಪಾವಗಡ ತಾಲ್ಲೂಕಿನವಳು. ಈ ವರ್ಷ ಸೆಕೆಂಡ್ ಪಿಯು ಸೈನ್ಸ್ ಮುಗಿಯಿತು. ಸಿಇಟಿ ರ‍್ಯಾಂಕ್ ಸುಮಾರಾಗಿದೆ.

ನಮ್ಮದು ನಾಲ್ಕು ಎಕರೆ. ಅದರಲ್ಲಿ ಮೂರು ಎಕರೆ ಸೋಲಾರ್ ಪಾರ್ಕಿಗೆ ಲೀಸ್ ಹೋಗಿದೆ. ಎಕರೆಗೆ ವರ್ಷಕ್ಕೆ 21 ಸಾವಿರದಂತೆ ಶುರುವಾಯಿತು, ಎರಡು ವರ್ಷಕ್ಕೊಮ್ಮೆ ಐದು ಪರ್ಸೆಂಟ್ ಏರುತ್ತದೆ. ಮೊದಲು ಅಪ್ಪ ಅಲ್ಲಿ ಕಡ್ಲೆಕಾಯಿ ಹಾಕುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಬೀಜದ ದುಡ್ಡೂ ಹುಟ್ಟುತ್ತಿರಲಿಲ್ಲ. ಹಾಗಾಗಿ ಲೀಸ್ ಬಗ್ಗೆ ನಮ್ಮ ಮನೆಯಲ್ಲಿ ಬೇಜಾರಿಲ್ಲ.

ಆದರೆ ಒಂದು ವಿಷಯ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನಮ್ಮೂರಿನವರು ಅಲ್ಲಿ ಹುಲ್ಲು ಕೊಯ್ಯುತ್ತಾರೆ, ಪ್ಯಾನೆಲ್ ತೊಳೆಯುತ್ತಾರೆ, ಗೇಟಿನಲ್ಲಿ ನಿಲ್ಲುತ್ತಾರೆ. ಒಳಗೆ ಕಂಟ್ರೋಲ್ ರೂಮಿನಲ್ಲಿ ಕೂತು ನೋಡುವವರು ಹೊರಗಿನಿಂದ ಬಂದವರು. ನಾನು ಆ ರೂಮಿನೊಳಗೆ ಹೋಗಬೇಕು. ಅಲ್ಲಿ ಏನು ನಡೆಯುತ್ತದೆ ಅಂತ ಪೂರ್ತಿ ತಿಳಿಯಬೇಕು.

ಎರಡು ದಾರಿ ಇದೆ. ಸರ್ಕಾರಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಸಿಗಬಹುದು. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಎನರ್ಜಿ ಇಂಜಿನಿಯರಿಂಗ್ ಅಂತ ಹೊಸ ಕೋರ್ಸ್ ಇದೆ, ವರ್ಷಕ್ಕೆ ಎರಡೂವರೆ ಲಕ್ಷ ಫೀಸು. ಹೆಸರು ನೋಡಿದರೆ ನನಗೆ ಬೇಕಾದದ್ದು ಅದೇ ಅನ್ನಿಸುತ್ತೆ. ಈ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ.

ಬಗ್‌ಫಿಕ್ಸ್ · ರಾತ್ರಿ 9:41

ಕಂಪ್ಯೂಟರ್ ಸೈನ್ಸ್ ಸಿಗುವ ಹಾಗಿದ್ದರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ಯಾವ ಕಂಪನಿಯ ಕೆಲಸಕ್ಕಾದರೂ ಹೋಗಬಹುದು. ನಾನು ಎಲೆಕ್ಟ್ರಿಕಲ್ ಓದಿ ಸಾಫ್ಟ್‌ವೇರಿಗೆ ಬಂದವನು, ಅದಕ್ಕೇ ಹೇಳುತ್ತಿದ್ದೇನೆ.

ಲಿಂಗನಮಕ್ಕಿ · ರಾತ್ರಿ 10:15

ಮಗಳೇ, ನಾನು ಶರಾವತಿ ಕಣಿವೆಯ ಪವರ್‌ಹೌಸುಗಳಲ್ಲಿ 34 ವರ್ಷ ಕೆಲಸ ಮಾಡಿ ರಿಟೈರ್ ಆದವನು. ಕಂಟ್ರೋಲ್ ರೂಮಿನೊಳಗೆ ಹೋಗಬೇಕು ಅಂದೆಯಲ್ಲ, ಆ ಮಾತು ಓದಿ ಖುಷಿಯಾಯಿತು. ನಾನು ಮೊದಲ ಸಲ ಒಳಗೆ ಹೋದ ದಿನ ಏನು ನೋಡಿದೆ ಅಂತ ಹೇಳುತ್ತೇನೆ.

ಶರಾವತಿ ಸ್ಟೇಷನ್ನಿನಲ್ಲಿ ಹತ್ತು ಯೂನಿಟ್, ಒಂದೊಂದೂ 103.5 ಮೆಗಾವ್ಯಾಟ್. ನಿಂತಿರುವ ಮೆಷಿನ್ನನ್ನು ಚಾಲೂ ಮಾಡುವಾಗ ನಾಜಲ್ ನಿಧಾನವಾಗಿ ತೆರೆಯುತ್ತದೆ. ನೀರು ಪೆಲ್ಟನ್ ಚಕ್ರದ ಬಟ್ಟಲುಗಳಿಗೆ ಬಡಿಯುತ್ತದೆ. ಕಾಲಡಿಯ ನೆಲ ಗುಂಯ್ ಅನ್ನಲು ಶುರುವಾಗುತ್ತದೆ. ಮೆಷಿನ್ ಪೂರ್ತಿ ಸ್ಪೀಡಿಗೆ ಬಂದರೂ ಅದನ್ನು ಒಮ್ಮೆಲೇ ಲೈನಿಗೆ ಸೇರಿಸುವ ಹಾಗಿಲ್ಲ. ಸಿಂಕ್ರೊಸ್ಕೋಪ್ ಅಂತ ಒಂದು ಮೀಟರ್, ಗಡಿಯಾರದ ಥರ ಒಂದೇ ಮುಳ್ಳು. ನಮ್ಮ ಮೆಷಿನ್ ಗ್ರಿಡ್ಡಿಗಿಂತ (ಎಲ್ಲಾ ಸ್ಟೇಷನ್ನುಗಳನ್ನು ಕೂಡಿಸುವ ಲೈನುಗಳ ಜಾಲ) ಕೂದಲೆಳೆ ಜೋರಾಗಿದ್ದರೆ ಮುಳ್ಳು ಬಲಕ್ಕೆ ನಿಧಾನ ಸುತ್ತುತ್ತದೆ. ಅದು ಹನ್ನೆರಡಕ್ಕೆ ಬರುವ ಹೊತ್ತಿಗೆ ಸರಿಯಾಗಿ ಬ್ರೇಕರ್ ಹಾಕಬೇಕು. ಹಾಕಿದ ಮೇಲೆ ಮುಳ್ಳು ಅಲ್ಲೇ ನಿಲ್ಲುತ್ತದೆ. ಆ ಕ್ಷಣದಿಂದ ನಿಮ್ಮ ಮೆಷಿನ್ ದೇಶದ ಎಲ್ಲಾ ಮೆಷಿನ್ನುಗಳ ಜೊತೆ ಹೆಜ್ಜೆ ಹಾಕುತ್ತಿದೆ ಅಂತ ಅರ್ಥ. ನಮ್ಮ ಹಿರಿಯರು ನನ್ನ ಕೈ ಹಿಡಿದು ಆ ಸ್ವಿಚ್ ತಿರುಗಿಸಿದ್ದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಸೇರಿದಾಗ ಜಲವಿದ್ಯುತ್ತೇ ರಾಜ್ಯದ ಬೆನ್ನೆಲುಬು. ಈಗ ನಿಮ್ಮ ಪಾವಗಡದ್ದೇ 2,050 ಮೆಗಾವ್ಯಾಟ್, ನಮ್ಮ ಶರಾವತಿಯ 1,035ರ ಎರಡು ಪಟ್ಟು ಹತ್ತಿರ. ಆದರೆ ಸಂಜೆ ಆರೂವರೆಗೆ ನಿಮ್ಮ ಪ್ಯಾನೆಲ್ ಮಲಗುತ್ತವೆ, ಮನೆಮನೆಯಲ್ಲಿ ದೀಪ ಹತ್ತುತ್ತದೆ. ಆಗ ನಮ್ಮ ನೀರು ಎದ್ದು ನಿಲ್ಲಬೇಕು. ನಿಮ್ಮ ಬಿಸಿಲು, ನಮ್ಮ ನೀರು ಎರಡನ್ನೂ ಕೂಡಿಸಿ ಯೋಚಿಸುವ ಇಂಜಿನಿಯರು ಬೇಕಾಗಿದ್ದಾರೆ. ಕೋರ್ಸಿನ ಹೆಸರಿನ ವಿಷಯ ಚಿಕ್ಕವರು ಹೇಳಲಿ. ಅವರಿಗೆ ಈಗಿನದು ಚೆನ್ನಾಗಿ ಗೊತ್ತಿರುತ್ತದೆ.

ಹೊಸಕೋರ್ಸ್ · ರಾತ್ರಿ 11:02

ನಾನು ಎನರ್ಜಿ ಇಂಜಿನಿಯರಿಂಗ್ ಅನ್ನೋ ಹೆಸರಿನ ಡಿಗ್ರಿಯನ್ನೇ ಮಾಡಿದವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಳ್ಳೆಯದು. ಎಲೆಕ್ಟ್ರಿಕಲ್ ಹುಡುಗರು ಬಾಯ್ಲರ್ ಅಷ್ಟಾಗಿ ಓದಲ್ಲ, ಮೆಕ್ಯಾನಿಕಲ್‌ನವರು ಪವರ್ ಸಿಸ್ಟಮ್ ಓದಲ್ಲ. ನಾವು ಎರಡೂ ಓದಿದೆವು. ಥರ್ಮೊಡೈನಮಿಕ್ಸ್, ಹೀಟ್ ಟ್ರಾನ್ಸ್‌ಫರ್, ಎಲೆಕ್ಟ್ರಿಕಲ್ ಮೆಷಿನ್ಸ್, ಪವರ್ ಎಲೆಕ್ಟ್ರಾನಿಕ್ಸ್, ಸೋಲಾರ್, ಗಾಳಿ, ಬಯೋಗ್ಯಾಸ್, ಕರೆಂಟಿನ ದರ ಹೇಗೆ ನಿಗದಿಯಾಗುತ್ತೆ ಅನ್ನುವ ಎಕನಾಮಿಕ್ಸ್. ಇವತ್ತು ನಾನು ದೊಡ್ಡ ಬ್ಯಾಟರಿ ಸ್ಟೋರೇಜ್ ಡಿಸೈನ್ ಮಾಡುತ್ತೇನೆ. ಒಂದು ಕಂಟೇನರಿನೊಳಗೆ ಸಾವಿರಾರು ಸೆಲ್. ಅದರ ಕರೆಂಟೂ ನೋಡಬೇಕು, ಅದರ ಬಿಸಿಯೂ ನೋಡಬೇಕು. ಕೂಲಿಂಗ್ ತಪ್ಪಿದರೆ ಬೆಂಕಿ. ಎರಡೂ ಓದಿದ್ದು ದಿನಾ ಕೆಲಸಕ್ಕೆ ಬರುತ್ತಿದೆ.

ಈಗ ಕೆಟ್ಟದ್ದು. ಡಿಗ್ರಿ ಮುಗಿದ ವರ್ಷ ಒಂದು ಸರ್ಕಾರಿ ಹುದ್ದೆಗೆ ಪರೀಕ್ಷೆ ಬರೆದೆ. ಲಿಸ್ಟಿನಲ್ಲಿ ಹೆಸರೂ ಬಂತು. ದಾಖಲೆ ಪರಿಶೀಲನೆಗೆ ಹೋದೆ, ಅಮ್ಮನೂ ಜೊತೆಗೆ ಬಂದಿದ್ದಳು. ಟೇಬಲ್ ಆಚೆ ಕೂತವರು ಸರ್ಟಿಫಿಕೇಟ್ ತಿರುಗಿಸಿ ತಿರುಗಿಸಿ ನೋಡಿದರು. "ನೋಟಿಫಿಕೇಶನ್‌ನಲ್ಲಿ ಎಲೆಕ್ಟ್ರಿಕಲ್ ಅಂತ ಇದೆ, ನಿಮ್ಮದರಲ್ಲಿ ಎನರ್ಜಿ ಅಂತ ಇದೆ" ಅಂದರು. ಎರಡೂ ಡಿಗ್ರಿ ಸಮ ಅಂತ ಹೇಳುವ ತತ್ಸಮಾನ ಪತ್ರ ತನ್ನಿ ಅಂದರು. ಅದಕ್ಕಾಗಿ ಎರಡು ತಿಂಗಳು ಅಲೆದೆ. ಅಷ್ಟರಲ್ಲಿ ಎಲ್ಲಾ ಮುಗಿದಿತ್ತು. ಅಮ್ಮ ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಅದು ಇನ್ನೂ ನೆನಪಿದೆ.

ಆದ್ದರಿಂದ ಹೇಳುವುದು ಇಷ್ಟೇ. ಕೆಪಿಟಿಸಿಎಲ್, ಎಸ್ಕಾಂ, ಎನ್‌ಟಿಪಿಸಿ, ಪವರ್‌ಗ್ರಿಡ್ ಅಂತ ಸರ್ಕಾರಿ ವಿದ್ಯುತ್ ಕಂಪನಿಗಳ ಕೆಲಸ ಮನಸ್ಸಿನಲ್ಲಿ ಇದ್ದರೆ, ಹಿಂದಿನ ಎರಡು ಮೂರು ನೋಟಿಫಿಕೇಶನ್ ಡೌನ್‌ಲೋಡ್ ಮಾಡಿ. ವಿದ್ಯಾರ್ಹತೆ ಅನ್ನುವ ಕಾಲಮ್ಮನ್ನು ಅಕ್ಷರ ಬಿಡದೆ ಓದಿ. ಕಾಲೇಜಿನವರ ಬ್ರೋಷರ್ ನಂಬಿ ಸೇರಬೇಡಿ. ಐಐಟಿ ಬಾಂಬೆ, ದೆಹಲಿ, ಖರಗ್‌ಪುರದಂಥ ಕಡೆ ಈ ವಿಭಾಗ ಗಟ್ಟಿಯಾಗಿದೆ, ಅಲ್ಲಿ ಸಿಕ್ಕರೆ ಬೇರೆ ಮಾತು. ಹೊಸದಾಗಿ ಶುರುವಾದ ಕಡೆ ಲ್ಯಾಬ್ ಇದೆಯಾ, ಬಾಯ್ಲರ್ ಇದೆಯಾ, ಪಾಠ ಮಾಡುವವರು ಯಾರು ಅಂತ ಹೋಗಿ ಕಣ್ಣಾರೆ ನೋಡಿ.

ಬಿಸಿಲೂರು · ರಾತ್ರಿ 11:30

ಹೊಸಕೋರ್ಸ್ ಅಣ್ಣ, ನಿಮ್ಮ ಅಮ್ಮನ ವಿಷಯ ಓದಿ ನನಗೂ ಕಷ್ಟ ಆಯಿತು. ನೋಟಿಫಿಕೇಶನ್ ಓದಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಲಿಂಗನಮಕ್ಕಿ ಸರ್, ಸಿಂಕ್ರೊಸ್ಕೋಪಿನ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. "ಎತ್ತು ಜೋಡಿ ಕಟ್ಟುವಾಗಲೂ ಹಾಗೇ ಅಲ್ವಾ" ಅಂದರು.

ಲಿಂಗನಮಕ್ಕಿ · ರಾತ್ರಿ 11:38

ನಿಮ್ಮ ಅಪ್ಪ ಹೇಳಿದ್ದು ನೂರಕ್ಕೆ ನೂರು ಸರಿ. ಒಂದು ಎತ್ತು ಮುಂದೆ ಎಳೆದರೆ ನೊಗ ಮುರಿಯುತ್ತದೆ. ಇಲ್ಲಿ ಶಾಫ್ಟ್ ಮುರಿಯುತ್ತದೆ.

ಐವತ್ತು ಹರ್ಟ್ಸ್ · ಭಾನುವಾರ, ಬೆಳಗ್ಗೆ 6:50

ನೈಟ್ ಶಿಫ್ಟ್ ಮುಗಿಸಿ ಈಗ ಮನೆಗೆ ಬಂದೆ. ಮಲಗುವ ಮುಂಚೆ ಬರೆಯುತ್ತೇನೆ. ನಾನು ಲೋಡ್ ಡೆಸ್ಪ್ಯಾಚ್‌ನಲ್ಲಿ ಇದ್ದೇನೆ. ಪವರ್ ಎಲ್ಲಿಂದ ಎಷ್ಟು ಬರಬೇಕು, ಎಲ್ಲಿಗೆ ಎಷ್ಟು ಹೋಗಬೇಕು ಅಂತ ನೋಡುವ ಜಾಗ.

ತಂಗಿ, ನಿನಗೆ ಕಂಟ್ರೋಲ್ ರೂಮ್ ಇಷ್ಟ ಅಂದೆ. ಇಲ್ಲಿನ ಗೋಡೆಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಒಂದೇ ಸಂಖ್ಯೆ. 50.01, 49.97, 49.94. ಇಡೀ ದೇಶದ ಫ್ರೀಕ್ವೆನ್ಸಿ, ಅಂದರೆ ಎಸಿ ಕರೆಂಟ್ ಸೆಕೆಂಡಿಗೆ ಎಷ್ಟು ಆವರ್ತ ಮುಗಿಸುತ್ತದೆ ಅನ್ನುವ ಲೆಕ್ಕ. 49.90ರಿಂದ 50.05ರ ಒಳಗೆ ಇರಬೇಕು. ಬಳಕೆ ಜಾಸ್ತಿಯಾಗಿ ಉತ್ಪಾದನೆ ಸಾಲದಿದ್ದರೆ ಸಂಖ್ಯೆ ಇಳಿಯುತ್ತದೆ. ಮೊದಮೊದಲು ನಾನು ಊಟ ಮಾಡುವಾಗಲೂ ಅದನ್ನೇ ನೋಡುತ್ತಿದ್ದೆ.

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾಗಿದ್ದು ನೆನಪಿದೆಯಾ? ಎರಡನೇ ದಿನ 60 ಕೋಟಿ ಜನಕ್ಕೂ ಹೆಚ್ಚು ಮಂದಿಗೆ ಕರೆಂಟ್ ಇರಲಿಲ್ಲ. ನಮಗೆ ಏನೂ ಆಗಲಿಲ್ಲ. ಯಾಕೆ ಅಂದರೆ ಆಗ ದಕ್ಷಿಣದ ಗ್ರಿಡ್ ಬೇರೆಯೇ ಇತ್ತು. ಉತ್ತರದವರ ಜೊತೆ ಡಿಸಿ ಲೈನ್ ಮೂಲಕ ಮಾತ್ರ ಸಂಬಂಧ, ಹಾಗಾಗಿ ಅವರ ಫ್ರೀಕ್ವೆನ್ಸಿ ಬಿದ್ದರೂ ನಮ್ಮದು ಬೀಳಲಿಲ್ಲ. ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ ಬರುವ ಲೈನ್ ಅಂಥದ್ದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಚಾಲೂ ಆಯಿತು. ಆಮೇಲೆ ದೇಶಕ್ಕೆಲ್ಲಾ ಒಂದೇ ಗ್ರಿಡ್.

ನಿಮ್ಮೂರಿನ ಬಿಸಿಲನ್ನೂ ನಾವು ದಿನಾ ಲೆಕ್ಕ ಹಾಕುತ್ತೇವೆ. ದಿನವನ್ನು ಕಾಲು ಗಂಟೆಯ 96 ತುಂಡು ಮಾಡಿ, ಒಂದೊಂದು ತುಂಡಿಗೂ ಎಷ್ಟು ಸೋಲಾರ್, ಎಷ್ಟು ಗಾಳಿ ಅಂತ ಮುಂಚೆಯೇ ಅಂದಾಜು. 2019ರ ಡಿಸೆಂಬರ್ 26ರ ಸೂರ್ಯಗ್ರಹಣಕ್ಕೆ ನಮ್ಮವರು ಎಷ್ಟೋ ದಿನಗಳಿಂದ ತಯಾರಿ ಮಾಡಿದ್ದರು. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಗ್ರಹಣ. ಮಾಮೂಲಿ ದಿನ ಸೋಲಾರ್ ಏರುವ ಹೊತ್ತು ಅದು. ಅವತ್ತು ಏರುವುದನ್ನು ಬಿಟ್ಟು ಕುಸಿಯುತ್ತದೆ, ಗ್ರಹಣ ಬಿಟ್ಟ ಕೂಡಲೇ ದಿಢೀರ್ ಅಂತ ಮೇಲೇಳುತ್ತದೆ. ಊರಿನವರು ಮನೆಯೊಳಗೆ ಕೂತಿದ್ದರು, ಇಲ್ಲಿನವರು ಗ್ರಾಫ್ ಮುಂದೆ ಕೂತಿದ್ದರು.

ಬಗ್‌ಫಿಕ್ಸ್ ಅವರಿಗೆ: ನೀವು ಹೇಳಿದ್ದು ದುಡ್ಡಿನ ಲೆಕ್ಕದಲ್ಲಿ ಸರಿ ಇರಬಹುದು. ಆದರೆ ನಮಗೆ ಈಗ ಬೇಕಾಗಿರುವುದು ಪೈಥಾನ್ ಕೋಡಿಂಗ್ ಬರುವ ಎಲೆಕ್ಟ್ರಿಕಲ್ ಇಂಜಿನಿಯರು. ಮೋಡದ ಡೇಟಾ ನೋಡಿ ನಾಳೆಯ ಸೋಲಾರ್ ಅಂದಾಜು ಮಾಡುವವರು. ಕೋಡಿಂಗ್ ಕಲಿಯಲು ಸಿಎಸ್ ಡಿಗ್ರಿಯೇ ಬೇಕು ಅಂತಿಲ್ಲ.

ಶಿಫ್ಟ್ ಕೆಲಸ ಕಷ್ಟ, ಅದನ್ನೂ ಹೇಳಬೇಕು. ದೀಪಾವಳಿ ರಾತ್ರಿ ನಾನು ಮನೆಯಲ್ಲಿ ಇರುವುದಿಲ್ಲ. ನನ್ನ ಮಗ ಪಟಾಕಿ ಹಚ್ಚುವುದನ್ನು ಫೋನಿನಲ್ಲಿ ನೋಡುತ್ತೇನೆ. ಆದರೂ ಈ ಕೆಲಸ ಬಿಡುವ ಯೋಚನೆ ಒಮ್ಮೆಯೂ ಬಂದಿಲ್ಲ.

ಬಗ್‌ಫಿಕ್ಸ್ · ಬೆಳಗ್ಗೆ 9:05

ಮೇಡಂ, ಈ ಥರ ಕೆಲಸ ಇದೆ ಅಂತ ನನಗೆ ಓದುವಾಗ ಯಾರೂ ಹೇಳಿರಲಿಲ್ಲ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಕಾಲೇಜಿನವರು ಸಬ್‌ಸ್ಟೇಷನ್ನಿಗೆ ಕರೆದುಕೊಂಡು ಹೋಗಲಿಲ್ಲ. ಹೋಗಿದ್ದರೆ ನನ್ನ ದಾರಿ ಬೇರೆ ಆಗುತ್ತಿತ್ತೋ ಏನೋ. ಬಿಸಿಲೂರು ಅವರೇ, ನಿಮಗೆ ಪೈಥಾನ್ ಕಲಿಯಬೇಕು ಅನ್ನಿಸಿದರೆ ಭಾನುವಾರ ಒಂದು ಗಂಟೆ ನಾನು ಹೇಳಿಕೊಡುತ್ತೇನೆ.

ಸ್ಟ್ರಿಂಗ್ ಬಾಕ್ಸ್ · ಬೆಳಗ್ಗೆ 10:20

ನಾನು ಸೋಲಾರ್ ಪ್ಲಾಂಟಿನಲ್ಲೇ ಇರುವವನು. ಡಿಪ್ಲೊಮಾ ಮಾಡಿ ಟೆಕ್ನಿಷಿಯನ್ ಆಗಿ ಸೇರಿದೆ, ಮೊದಲ ಸಂಬಳ 14 ಸಾವಿರ. ಆಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ಬಿಇ ಮುಗಿಸಿದೆ. ಈಗ ಒಂದು ಪ್ಲಾಂಟಿನ ಉಸ್ತುವಾರಿ ನನ್ನದು. ಕಂಟ್ರೋಲ್ ರೂಮಿನಲ್ಲಿ ಕೂರುವುದು ದಿನಕ್ಕೆ ಎರಡು ಗಂಟೆ ಮಾತ್ರ. ಉಳಿದದ್ದೆಲ್ಲಾ ಬಿಸಿಲಿನಲ್ಲಿ.

ಬೆಳಗ್ಗೆ ಮೊದಲ ಕೆಲಸ ಇನ್ವರ್ಟರ್ ಅಲಾರ್ಮ್ ನೋಡುವುದು. ಇಬ್ಬನಿ ಬಿದ್ದ ದಿನ ಒಂದೆರಡು ಇನ್ವರ್ಟರ್ ಏಳುವುದೇ ಇಲ್ಲ, ಇನ್ಸುಲೇಷನ್ ಕಮ್ಮಿ ಅಂತ ತೋರಿಸುತ್ತದೆ. ಎಲ್ಲೋ ಒಂದು ಕೇಬಲ್ ಸಿಪ್ಪೆ ಹರಿದು ನೀರು ಕೂತಿರುತ್ತದೆ. ಇಲಿ ಕಚ್ಚಿರುತ್ತದೆ, ಇಲ್ಲಾ ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿರುತ್ತದೆ. ಬಾಕ್ಸ್ ತೆರೆದು ಒಂದೊಂದೇ ಸ್ಟ್ರಿಂಗಿಗೆ (ಒಂದರ ಹಿಂದೆ ಒಂದು ಜೋಡಿಸಿದ ಪ್ಯಾನೆಲ್ ಸಾಲು) ಕ್ಲಾಂಪ್ ಮೀಟರ್ ಹಾಕುತ್ತೇವೆ. ಎಲ್ಲಾ 9 ಆಂಪ್ ತೋರಿಸುವಾಗ ಒಂದು ಸೊನ್ನೆ ತೋರಿಸಿದರೆ ಆ ಸಾಲು ಹಿಡಿದು ನಡೆಯಬೇಕು. ಪ್ಯಾನೆಲ್ ಕೆಳಗೆ ಬಗ್ಗಿ ನೋಡಿದರೆ ಕನೆಕ್ಟರ್ ಕರಗಿ ಕಪ್ಪಾಗಿರುತ್ತದೆ. ಕೂಡಿಸುವಾಗ ಪಿನ್ ಸರಿಯಾಗಿ ಒತ್ತದೆ ಬಿಟ್ಟಿದ್ದರು ಅಂತ ಅರ್ಥ.

ಒಂದು ಮಾತು ಜೀವ ಇರುವವರೆಗೆ ನೆನಪಿಟ್ಟುಕೊಳ್ಳಿ. ಸ್ಟ್ರಿಂಗಿನಲ್ಲಿ ಸಾವಿರ, ಸಾವಿರದ ಐನೂರು ವೋಲ್ಟ್ ಡಿಸಿ ಇರುತ್ತದೆ. ಲೋಡ್ ಇರುವಾಗ ಕನೆಕ್ಟರ್ ಕೀಳಬಾರದು. ಎಸಿ ಕಿಡಿ ಸೊನ್ನೆ ದಾಟುವಾಗ ಆರುತ್ತದೆ, ಡಿಸಿ ಕಿಡಿ ಆರುವುದಿಲ್ಲ. ಉರಿಯುತ್ತಲೇ ಇರುತ್ತದೆ. ನನ್ನ ಜೊತೆಗಾರನ ಎಡಗೈ ಬೆರಳುಗಳು ಹಾಗೇ ಸುಟ್ಟವು.

ಇನ್ನೊಂದು. ಬಿಸಿಲು ಜಾಸ್ತಿ ಇದ್ದಷ್ಟೂ ಕರೆಂಟ್ ಜಾಸ್ತಿ ಅಂತ ನಮ್ಮ ಕಡೆಯವರೆಲ್ಲಾ ಅಂದುಕೊಂಡಿದ್ದಾರೆ. ಬೆಳಕು ಬೇಕು, ಶಾಖ ಬೇಡ. ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟು 25 ಡಿಗ್ರಿಯ ಲೆಕ್ಕ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿ ಮುಟ್ಟುತ್ತದೆ. ಡಿಗ್ರಿಗೆ ಸುಮಾರು 0.35 ಪರ್ಸೆಂಟ್ ಕಳೆಯಿರಿ. 40 ಡಿಗ್ರಿಗೆ 14 ಪರ್ಸೆಂಟ್ ಹೋಯಿತು. ಬಿಸಿಲು ಚೆನ್ನಾಗಿದ್ದು ತಣ್ಣಗೆ ಗಾಳಿ ಬೀಸುವ ಜನವರಿಯ ದಿನ ನಮಗೆ ಹಬ್ಬ.

ನಿಮ್ಮೂರಿನಲ್ಲಿ ಪ್ಯಾನೆಲ್ ತೊಳೆಯುವ ಅಕ್ಕಂದಿರನ್ನು ಕೇಳಿ ನೋಡಿ. ಯಾವ ಸಾಲಿನಲ್ಲಿ ಧೂಳು ಬೇಗ ಕೂರುತ್ತೆ, ಯಾವ ಕಡೆ ಹಕ್ಕಿ ಜಾಸ್ತಿ ಅಂತ ಅವರಿಗೆ ಗೊತ್ತಿರುವಷ್ಟು ನನ್ನ ಲ್ಯಾಪ್‌ಟಾಪಿಗೆ ಗೊತ್ತಿಲ್ಲ.

ಕಪ್ಪತಗುಡ್ಡ · ಬೆಳಗ್ಗೆ 11:48

ಗದಗದ ಕಡೆಯಿಂದ. ನಾನು ಮೆಕ್ಯಾನಿಕಲ್, ಗಾಳಿಯಂತ್ರದ ಕೆಲಸ. ತಂಗಿ, ನಿನ್ನ ಬಿಸಿಲು ಹೇಗೋ ಹಾಗೆ ನಮಗೆ ಗಾಳಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ನಮಗೆ ಸುಗ್ಗಿ. ರಿಪೇರಿ ಏನಿದ್ದರೂ ಮೇ ಒಳಗೆ ಮುಗಿಸಿಬಿಡಬೇಕು.

ಎಂಬತ್ತು ಮೀಟರ್ ಏಣಿ ಹತ್ತಿ ಮೇಲಿನ ಡಬ್ಬದಲ್ಲಿ ಕೂತು ಗೇರ್‌ಬಾಕ್ಸ್ ಎಣ್ಣೆ ನೋಡುವುದು, ಬೋಲ್ಟುಗಳನ್ನು ಲೆಕ್ಕದ ಬಿಗಿಗೆ ಬಿಗಿಯುವುದು. ಮೇಲಿನಿಂದ ನೋಡಿದರೆ ಜೋಳದ ಹೊಲ, ಸೂರ್ಯಕಾಂತಿ ಹೊಲ, ಕರಿ ಎರೆ ಭೂಮಿ, ಎಲ್ಲಾ ಹಾಸಿಟ್ಟ ಕೌದಿ ಇದ್ದ ಹಾಗೆ. ಹುಡುಗಿಯರೂ ಹತ್ತುತ್ತಾರೆ. ನಮ್ಮ ಟೀಮಿನಲ್ಲಿ ಒಬ್ಬಳು ಇದ್ದಾಳೆ, ನನಗಿಂತ ಬೇಗ ಹತ್ತುತ್ತಾಳೆ. ಎಲೆಕ್ಟ್ರಿಕಲ್ ಓದಿದವರಿಗೂ ಇಲ್ಲಿ ಬೇಕಾದಷ್ಟು ಕೆಲಸ ಇದೆ.

ಶಕ್ತಿನಗರ · ಮಧ್ಯಾಹ್ನ 1:10

ಎಲ್ಲರೂ ಸೋಲಾರ್, ಗಾಳಿ ಅಂತಿದ್ದೀರಿ. ಥರ್ಮಲ್ ಮುಗಿದೇ ಹೋಯಿತು ಅಂತ ಹುಡುಗರಿಗೆ ಹೇಳಬೇಡಿ. ದೇಶದ ಕರೆಂಟಿನಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತಿದೆ. ನಮ್ಮ ರಾಯಚೂರು ಥರ್ಮಲ್ ಸ್ಟೇಷನ್, ಆರ್‌ಟಿಪಿಎಸ್‌ನ ಮೊದಲ ಯೂನಿಟ್ 1985ರದು.

ಬದಲಾಗಿದ್ದು ಏನು ಅಂದರೆ ನಮ್ಮ ಕೆಲಸದ ರೀತಿ. ಮೊದಲು ಬಾಯ್ಲರ್ ಹಚ್ಚಿದರೆ ಫುಲ್ ಲೋಡಿನಲ್ಲಿ ತಿಂಗಳುಗಟ್ಟಲೆ ಓಡುತ್ತಿತ್ತು. ಈಗ ಮಧ್ಯಾಹ್ನ ಸೋಲಾರ್ ಬಂದಾಗ 55 ಪರ್ಸೆಂಟಿಗೆ ಇಳಿಸು ಅಂತಾರೆ, ಸಂಜೆ ಮತ್ತೆ ಏರಿಸು ಅಂತಾರೆ. ದಪ್ಪ ದಪ್ಪ ಲೋಹದ ಪೈಪು ದಿನಾ ಹಿಗ್ಗಿ ಕುಗ್ಗಿ ಮಾಡಿದರೆ ಬಿರುಕು ಬಿಡುತ್ತದೆ. ಅದನ್ನು ತಡೆಯುವುದು ಹೇಗೆ ಅನ್ನುವುದೇ ದೊಡ್ಡ ಇಂಜಿನಿಯರಿಂಗ್. ಶಾಖದ ಪಾಠ ಬಿಡಬೇಡ ಮಗಳೇ, ಯಾವ ಬ್ರಾಂಚ್ ತಗೊಂಡರೂ.

ಸೋಪುನೀರು · ಮಧ್ಯಾಹ್ನ 3:25

ಇಷ್ಟು ಹೊತ್ತು ಎಲ್ಲರೂ ಕರೆಂಟ್ ಹುಟ್ಟಿಸುವ ಮಾತಾಡಿದಿರಿ. ನಾನು ಉಳಿಸುವ ಕಡೆಯವಳು. ಎನರ್ಜಿ ಆಡಿಟರ್. ಎಲೆಕ್ಟ್ರಿಕಲ್‌ನಲ್ಲಿ ಬಿಇ, ಎನರ್ಜಿಯಲ್ಲಿ ಎಂಟೆಕ್. ಈ ಕೆಲಸದ ಬಗ್ಗೆ ನಮ್ಮ ಹುಡುಗರಿಗೆ ಏನೂ ಗೊತ್ತಿಲ್ಲ ಅನ್ನುವುದು ನನ್ನ ದೊಡ್ಡ ಸಂಕಟ.

2001ರಲ್ಲಿ ಎನರ್ಜಿ ಕನ್ಸರ್ವೇಷನ್ ಕಾಯ್ದೆ ಬಂತು, 2002ರಲ್ಲಿ ಬಿಇಇ (ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ) ಶುರುವಾಯಿತು. ಫ್ರಿಜ್ ಮೇಲೆ ಸ್ಟಾರ್ ಇರುತ್ತಲ್ಲ, ಅದನ್ನು ಕೊಡುವವರು. ಅವರೇ ಎನರ್ಜಿ ಮ್ಯಾನೇಜರ್, ಎನರ್ಜಿ ಆಡಿಟರ್ ಅಂತ ಪರೀಕ್ಷೆ ಮಾಡುತ್ತಾರೆ. ನಾಲ್ಕು ಪೇಪರ್. ಮೂರು ಪಾಸಾದರೆ ಮ್ಯಾನೇಜರ್, ನಾಲ್ಕನೆಯದೂ ಆದರೆ ಆಡಿಟರ್. ಇಂಜಿನಿಯರಿಂಗ್ ಆದ ಮೇಲೆ ಮೂರು ವರ್ಷ ಅನುಭವ ಬೇಕು. ಸಿಮೆಂಟ್, ಸ್ಟೀಲಿನಂಥ ದೊಡ್ಡ ಕಾರ್ಖಾನೆಗಳಿಗೆ ಆಡಿಟ್ ಕಡ್ಡಾಯ.

ಕೆಲಸ ಹೇಗಿರುತ್ತೆ ಅಂತ ಒಂದು ಉದಾಹರಣೆ. ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿ. ಭಾನುವಾರ ಹೋದೆ, ಬೇಕಂತಲೇ. ಒಂದು ಮೆಷಿನ್ನೂ ಓಡುತ್ತಿಲ್ಲ. ಏರ್ ಕಂಪ್ರೆಸರ್ ಒಂದನ್ನು ಮಾತ್ರ ಚಾಲೂ ಮಾಡಿಸಿದೆ. ಗಾಳಿ ಯಾರೂ ಬಳಸುತ್ತಿಲ್ಲ, ಹಾಗಾಗಿ ಪೈಪು ತುಂಬಿದ ಮೇಲೆ ಕಂಪ್ರೆಸರ್ ಸುಮ್ನೆ ಇರಬೇಕು ಅಲ್ವಾ? ಸ್ಟಾಪ್‌ವಾಚ್ ಹಿಡಿದೆ. ಒಂದೂವರೆ ನಿಮಿಷ ಲೋಡ್ ತಗೊಳ್ಳುತ್ತೆ, ಮೂರು ನಿಮಿಷ ಬಿಡುತ್ತೆ. ಮತ್ತೆ ಒಂದೂವರೆ, ಮತ್ತೆ ಮೂರು. ಅಂದರೆ ನಾಲ್ಕೂವರೆ ನಿಮಿಷದಲ್ಲಿ ಒಂದೂವರೆ ನಿಮಿಷ ಸೋರಿಕೆಗೇ ಓಡುತ್ತಿದೆ. ಮೂರರಲ್ಲಿ ಒಂದು ಪಾಲು. ಮಾಲೀಕರಿಗೆ ನಂಬಿಕೆ ಬರಲಿಲ್ಲ. ಬಕೆಟ್‌ನಲ್ಲಿ ಸೋಪುನೀರು ಕಲಸಿ ಜಾಯಿಂಟಿಗೆಲ್ಲಾ ಬ್ರಷ್‌ನಿಂದ ಹಚ್ಚಿದೆವು. ಬುಡಬುಡ ಅಂತ ಗುಳ್ಳೆ. ಇಪ್ಪತ್ಮೂರು ಕಡೆ. ಮಾಲೀಕರು ಒಂದೊಂದು ಗುಳ್ಳೆಗೂ ಬಗ್ಗಿ ಕೂತು ನೋಡಿದರು. ಆಮೇಲೆ ಅವರೇ ಬ್ರಷ್ ಇಸಿದುಕೊಂಡು ಹುಡುಕಲು ಶುರು ಮಾಡಿದರು.

ಗಂಗಾವತಿಯ ಅಕ್ಕಿ ಗಿರಣಿಗಳು, ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಗಳು, ಆಸ್ಪತ್ರೆ, ಹೋಟೆಲ್, ಎಲ್ಲಾ ಕಡೆ ಈ ಕೆಲಸ ಇದೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಸುಟ್ಟು ಕರೆಂಟ್ ಮಾಡಿ ಗ್ರಿಡ್ಡಿಗೂ ಮಾರುತ್ತಾರೆ. ಬಾಯ್ಲರ್ ಕಡೆ ಹೋಗುವವರಿಗೆ ಬಿಒಇ (ಬಾಯ್ಲರ್ ಆಪರೇಷನ್ ಇಂಜಿನಿಯರ್) ಪರೀಕ್ಷೆ ಇದೆ, ಅದು ಪಾಸಾದವರಿಗೆ ಸಕ್ಕರೆ ಕಾರ್ಖಾನೆಗಳಲ್ಲಿ ಒಳ್ಳೆಯ ಬೇಡಿಕೆ.

ಒಬ್ಬರ ಹೆಸರು ಹೇಳಲೇಬೇಕು. ಹರೀಶ್ ಹಂದೆ. ಅವರು ಐಐಟಿ ಖರಗ್‌ಪುರದಲ್ಲಿ ಓದಿದ್ದು ಎನರ್ಜಿ ಇಂಜಿನಿಯರಿಂಗ್ ಅನ್ನೇ. 1995ರಲ್ಲಿ ಸೆಲ್ಕೋ ಶುರು ಮಾಡಿದವರಲ್ಲಿ ಒಬ್ಬರು. ಕರೆಂಟ್ ಇಲ್ಲದ ಮನೆಗಳಿಗೆ ಸೋಲಾರ್ ದೀಪ, ಅದಕ್ಕೆ ಬ್ಯಾಂಕ್ ಸಾಲ. ಬಡವರು ಸಾಲ ತೀರಿಸುವುದಿಲ್ಲ, ಸೋಲಾರ್ ಅವರ ಕೈಗೆ ಎಟುಕುವುದಿಲ್ಲ ಅನ್ನುವ ಮಾತನ್ನು ಸುಳ್ಳು ಮಾಡಿದರು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದಕ್ಕೂ ಹಿಂದೆ, 1974ರಲ್ಲಿ, ಐಐಎಸ್‌ಸಿಯಲ್ಲಿ ಎ.ಕೆ.ಎನ್. ರೆಡ್ಡಿಯವರು ಅಸ್ತ್ರ ಅನ್ನುವ ಕೇಂದ್ರ ಕಟ್ಟಿದ್ದರು. ಹೊಗೆ ಕಮ್ಮಿ ಮಾಡುವ ಅಸ್ತ್ರ ಒಲೆ ಅಲ್ಲಿಂದಲೇ ಬಂದದ್ದು. ನಮ್ಮ ಅಜ್ಜಿಯ ಮನೆಯಲ್ಲಿ ಇತ್ತು. ಆ ಒಲೆ ಬಂದ ಮೇಲೆ ಅಜ್ಜಿ ಕೆಮ್ಮುವುದು ಕಮ್ಮಿಯಾಯಿತು ಅಂತ ಅಮ್ಮ ಈಗಲೂ ಹೇಳುತ್ತಾಳೆ. ಎನರ್ಜಿ ಅಂದರೆ ಮೆಗಾವ್ಯಾಟ್ ಒಂದೇ ಅಲ್ಲ, ಒಲೆಯೂ ಎನರ್ಜಿಯೇ.

ಉತ್ತರ ಸಮುದ್ರ · ಸಂಜೆ 5:40

ಜರ್ಮನಿಯಿಂದ. ಊರು ತೀರ್ಥಹಳ್ಳಿ. ಎಲೆಕ್ಟ್ರಿಕಲ್ ಬಿಇ ನಮ್ಮಲ್ಲೇ ಮುಗಿಸಿ, ಎರಡು ವರ್ಷ ಕೆಲಸ ಮಾಡಿ, ಆಮೇಲೆ ರಿನ್ಯೂವಬಲ್ ಎನರ್ಜಿಯಲ್ಲಿ ಮಾಸ್ಟರ್ಸ್‌ಗೆ ಬಂದೆ. ಇಲ್ಲಿನ ಓಲ್ಡನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಈ ಕೋರ್ಸ್ 1987ರಿಂದ ಇದೆ.

ಹೊರದೇಶದ ಯೋಚನೆ ಇದ್ದರೂ ಬಿಇ ಮಟ್ಟದಲ್ಲಿ ಗಟ್ಟಿ ಬೇಸಿಕ್ ಬ್ರಾಂಚ್ ಒಳ್ಳೆಯದು. ಮಾಸ್ಟರ್ಸ್‌ನಲ್ಲಿ ಎನರ್ಜಿ ತಗೊಳ್ಳಬಹುದು. ಇಲ್ಲಿನ ಬಹಳಷ್ಟು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಟ್ಯೂಷನ್ ಫೀಸ್ ಇಲ್ಲ, ಸೆಮಿಸ್ಟರ್ ಶುಲ್ಕ ಮಾತ್ರ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ. ಆದರೆ ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟು ಅಂತ ಮಾತ್ರ ತೆಗೆಯಬಹುದಾದ ಖಾತೆ) ಸುಮಾರು 12 ಸಾವಿರ ಯೂರೋ ತೋರಿಸಬೇಕು, ನಮ್ಮ ಅಂಕಪಟ್ಟಿ ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್ ಬೇಕು. ಕೋರ್ಸ್ ಇಂಗ್ಲಿಷಿನಲ್ಲಿ ಇರುತ್ತೆ, ಕೆಲಸ ಜರ್ಮನ್‌ನಲ್ಲಿ ಇರುತ್ತೆ. ಭಾಷೆ ಕಲಿಯದೆ ಬಂದ ನನ್ನ ಗೆಳೆಯರು ಕೆಲಸಕ್ಕಾಗಿ ತುಂಬಾ ಒದ್ದಾಡಿದರು. ಫೈನಲ್ ಇಯರ್‌ನಲ್ಲೇ ಜರ್ಮನ್ ಶುರು ಮಾಡಿ.

ಬಿಸಿಲೂರು · ರಾತ್ರಿ 8:15

ಎಲ್ಲವನ್ನೂ ಎರಡು ಸಲ ಓದಿದೆ. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹಳೆಯ ನೋಟಿಫಿಕೇಶನ್‌ಗಳನ್ನೂ ತೆಗೆದು ನೋಡಿದೆ. ಹೊಸಕೋರ್ಸ್ ಅಣ್ಣ ಹೇಳಿದ ಹಾಗೆ ಎಲೆಕ್ಟ್ರಿಕಲ್ ಅಂತಲೇ ಇದೆ. ಮೊದಲ ಆಪ್ಷನ್ ಸರ್ಕಾರಿ ಕಾಲೇಜಿನ ಎಲೆಕ್ಟ್ರಿಕಲ್ ಅಂತ ಮಾಡಿದ್ದೇನೆ. ಶಾಖದ ಪಾಠ ಬಿಡುವುದಿಲ್ಲ, ಓಪನ್ ಎಲೆಕ್ಟಿವ್‌ನಲ್ಲಿ ಸಿಕ್ಕರೆ ಅದನ್ನೇ ತಗೊಳ್ಳುತ್ತೇನೆ. ಎರಡೂವರೆ ಲಕ್ಷ ಉಳಿಯಿತು ಅಂತ ಅಮ್ಮನಿಗೆ ಖುಷಿ.

ಕಾಲೇಜು ಶುರುವಾಗಲು ಇನ್ನೂ ಎರಡು ತಿಂಗಳಿದೆ. ಸುಮ್ನೆ ಕೂರಲು ಇಷ್ಟ ಇಲ್ಲ. ಏನು ಮಾಡಲಿ?

ಲಿಂಗನಮಕ್ಕಿ · ರಾತ್ರಿ 8:50

ನಿಮ್ಮ ಸುತ್ತ ಇರುವ ಮೂರು ಮೆಷಿನ್ ಹುಡುಕಿ, ಅದರ ಮೇಲಿನ ನೇಮ್‌ಪ್ಲೇಟ್ ಓದಿ ಬರೆದುಕೊಂಡು ಬಾ. ದೂರ ನಿಂತು ಓದು, ಮುಟ್ಟಬೇಡ.

ಬಿಸಿಲೂರು · ಬುಧವಾರ, ಸಂಜೆ 6:30

ಸರ್, ಓದಿದೆ. ಹಿಟ್ಟಿನ ಗಿರಣಿಯ ಮೋಟರ್ 7.5 ಎಚ್‌ಪಿ. ನಮ್ಮ ಬೋರ್‌ವೆಲ್ ಮೋಟರ್ 10 ಎಚ್‌ಪಿ, ಅದು ನೀರಿನೊಳಗೆ ಇರುವುದರಿಂದ ಅಪ್ಪ ಇಟ್ಟುಕೊಂಡಿದ್ದ ಬಿಲ್ ನೋಡಿದೆ. ಹೊಲದ ಹತ್ತಿರದ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ 63 ಕೆವಿಎ, 11000/433 ವೋಲ್ಟ್ ಅಂತ ಇದೆ. ಅಪ್ಪನ ಫೋನಿನಲ್ಲಿ ಜೂಮ್ ಮಾಡಿ ಓದಿದೆ.

ಒಂದು ಪ್ರಶ್ನೆ. ಮೋಟರ್ ಮೇಲೆ ಕಿಲೋವ್ಯಾಟ್, ಎಚ್‌ಪಿ ಇದೆ. ಟಿಸಿ ಮೇಲೆ ಮಾತ್ರ ಕೆವಿಎ ಯಾಕೆ?

ಲಿಂಗನಮಕ್ಕಿ · ರಾತ್ರಿ 7:45

ಒಳ್ಳೆಯ ಪ್ರಶ್ನೆ. ಟಿಸಿ ಬಿಸಿಯಾಗುವುದು ಅದರಲ್ಲಿ ಹರಿಯುವ ಕರೆಂಟಿನಿಂದ ಮತ್ತು ಅದಕ್ಕೆ ಕೊಟ್ಟಿರುವ ವೋಲ್ಟೇಜಿನಿಂದ. ಆ ಕರೆಂಟಿನಲ್ಲಿ ಎಷ್ಟು ಪಾಲು ನಿಜವಾಗಿ ನೀರೆತ್ತಿತು ಅನ್ನುವುದು ಟಿಸಿಗೆ ಗೊತ್ತಿಲ್ಲ. ಮೋಟರ್ ಕೆಲಸಕ್ಕೆ ಬಾರದ ಕರೆಂಟ್ ಎಳೆದರೂ ಟಿಸಿ ಬಿಸಿಯಾಗಲೇಬೇಕು. ಅದಕ್ಕೇ ವೋಲ್ಟು, ಆಂಪು ಗುಣಿಸಿದ ಲೆಕ್ಕ.

ಈಗ ನಿನ್ನ ಕೆಲಸ. 10 ಎಚ್‌ಪಿ ಅಂದರೆ 7.46 ಕಿಲೋವ್ಯಾಟ್. ಮೋಟರಿನ ಎಫಿಷಿಯೆನ್ಸಿ 85 ಪರ್ಸೆಂಟ್, ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜವಾದ ಕಿಲೋವ್ಯಾಟಿನ ಪಾಲು) 0.8 ಅಂತ ಇಟ್ಟುಕೊ. ಒಂದು ಮೋಟರ್ ಎಷ್ಟು ಕೆವಿಎ ಎಳೆಯುತ್ತದೆ ಅಂತ ತೆಗೆ. ನಿಮ್ಮ ಟಿಸಿಗೆ ಎಷ್ಟು ಮೋಟರ್ ಇವೆ ಅಂತ ಅಪ್ಪನನ್ನು ಕೇಳು.

ಬಿಸಿಲೂರು · ರಾತ್ರಿ 9:10

ಒಂದಕ್ಕೆ ಹತ್ತಿರ ಹತ್ತಿರ 11 ಕೆವಿಎ ಬಂತು ಸರ್. ಅಪ್ಪನನ್ನು ಕೇಳಿದೆ. ಬೆರಳು ಮಡಚಿ ಎಣಿಸಿದರು. ಎಲ್ಲಾ 10 ಎಚ್‌ಪಿಯವೇ, ಏಳು ಮೋಟರ್. 77 ಆಯಿತು. ಟಿಸಿ ಇರುವುದು 63.

ನಮ್ಮ ಟಿಸಿ ಪ್ರತಿ ಮಾರ್ಚ್‌ನಲ್ಲಿ ಸುಡುತ್ತೆ ಸರ್. ಎಲ್ಲರೂ ಒಟ್ಟಿಗೆ ನೀರು ಬಿಡುವ ತಿಂಗಳು. ಇಷ್ಟು ವರ್ಷ ಹಣೆಬರಹ ಅಂದುಕೊಂಡಿದ್ದೆವು. ಲೆಕ್ಕ ಬರೆದ ಹಾಳೆಯನ್ನು ಅಪ್ಪ ಮಡಚಿ ಜೇಬಿನಲ್ಲಿ ಇಟ್ಟುಕೊಂಡರು. ನಾಳೆ ಉಳಿದ ಆರು ಮನೆಯವರಿಗೆ ತೋರಿಸಬೇಕಂತೆ. ನನ್ನನ್ನೂ ಜೊತೆಗೆ ಬಾ ಅಂದಿದ್ದಾರೆ.